ಜಗಲಿಗೆ ಮರಳಿದ ಶಾಲೆ: ಗೋಪಿನಾಥಂ ಸೀಮೆ ಮತ್ತು ‘ವಿದ್ಯಾಗಮ’, 2020–21

ಗೋಪಿನಾಥಂ ಎಂಬ ಹೆಸರನ್ನು ಕೇಳಿದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಕಾಡುಗಳ್ಳ ವೀರಪ್ಪನ್. ಆತನ ಹುಟ್ಟೂರು ಅದು. ಇನ್ನು ಕೆಲವರಿಗೆ ನೆನಪಾಗುವವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ಅವರು ಆ ಊರಿನವರ ವಿಶ್ವಾಸವನ್ನು ಗಳಿಸಿ, ಅಲ್ಲಿಯ ಮಾರಿಯಮ್ಮನ ಗುಡಿಯ ಕಟ್ಟಡಕ್ಕೆ ಕಾರಣರಾಗಿ, 1991ರ ನವೆಂಬರಿನಲ್ಲಿ ಆ ಸೀಮೆಯಲ್ಲಿಯೇ ಹತರಾದರು. ಈ ಎರಡು ನೆನಪುಗಳ ನೆರಳಿನಲ್ಲಿ ಊರಿನ ದಿನನಿತ್ಯದ ಬದುಕು ಮರೆಯಾಗಿ ಹೋಗಿದೆ. ಅಲ್ಲಿಯೂ ಮಕ್ಕಳಿದ್ದಾರೆ, ಉಪಾಧ್ಯಾಯರಿದ್ದಾರೆ, ಮಳೆಗಾಲದಲ್ಲಿ ಕೆಡುವ ದಾರಿಯಿದೆ ಎಂಬುದು ಚರಿತ್ರೆಯ ವಿಷಯವಾಗಿ ಯಾರಿಗೂ ತೋರಿದಂತಿಲ್ಲ. 2020 ಮತ್ತು 2021ನೆಯ ವರ್ಷಗಳಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ವಿದ್ಯಾ ಇಲಾಖೆಯು ಕೈಗೊಂಡ ಏರ್ಪಾಡುಗಳನ್ನು ಇಂತಹ ಊರೊಂದರ ಕಡೆಯಿಂದ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ರಾಜಧಾನಿಯಿಂದ ನೋಡಿದಾಗ ಕಾಣದ ಕೆಲವು ಸಂಗತಿಗಳು ಗಡಿಯಿಂದ ನೋಡಿದಾಗ ಸ್ಪಷ್ಟವಾಗುತ್ತವೆ.

ಮೊದಲು ನೆಲದ ವಿಚಾರ. ಮಲೆಯ ಮಹದೇಶ್ವರನ ಬೆಟ್ಟವನ್ನು ದಾಟಿ ಪಾಲಾರಿನ ಕಡೆಗಿಳಿದು, ಮತ್ತೆ ಕಾಡಿನ ದಾರಿ ಹಿಡಿದರೆ ಗೋಪಿನಾಥಂ ಸಿಕ್ಕುತ್ತದೆ. ಅದರಾಚೆ ಹೊಗೇನಕಲ್ಲು, ಕಾವೇರಿಯ ಆಚೆಯ ದಡ ತಮಿಳುನಾಡು. ಊರಿನ ಹೆಚ್ಚು ಮನೆಗಳಲ್ಲಿ ಆಡುವ ಮಾತು ತಮಿಳು. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಬೇಡಗಂಪಣರು, ಕಾಡಿನ ಪೋಡುಗಳಲ್ಲಿ ತಮ್ಮದೇ ನುಡಿಯುಳ್ಳ ಸೋಲಿಗರು ಇದ್ದಾರೆ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷರ ವಶವಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಅನಂತರ ಹನೂರು ತಾಲ್ಲೂಕು ಕೊಳ್ಳೇಗಾಲದಿಂದ ಬೇರ್ಪಟ್ಟಿತು. ಆದರೆ ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಹನೂರು ಅದಕ್ಕೂ ಮೊದಲೇ ಬೇರೆ ವಲಯವಾಗಿತ್ತು. ಕಂದಾಯದವರಿಗಿಂತ ಮುಂಚೆಯೇ ಉಪಾಧ್ಯಾಯರಿಗೆ ಇಲ್ಲಿನ ದೂರಗಳು ಅರ್ಥವಾಗಿದ್ದುವೆಂದು ಇದರಿಂದ ಊಹಿಸಬಹುದೇನೋ.

ಕೊಯಮತ್ತೂರಿಗೆ ಸೇರಿದ್ದ ಕಾಲದ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದುದು. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಆಧಿಪತ್ಯದ ದೇಶೀಯ ಶಾಲೆಗಳ ಲೆಕ್ಕವನ್ನು ಕಲೆಕ್ಟರುಗಳಿಂದ ತರಿಸಿದನು. 1826ರ ಮಾರ್ಚಿನಲ್ಲಿ ಅವನು ಬರೆದ ಟಿಪ್ಪಣಿಯಲ್ಲಿ 12,498 ಶಾಲೆಗಳ ಮತ್ತು 1,88,650 ವಿದ್ಯಾರ್ಥಿಗಳ ಲೆಕ್ಕ ಸಿಕ್ಕುತ್ತದೆ. ಈ ಶಾಲೆಗಳಲ್ಲಿ ಬಹುಭಾಗಕ್ಕೆ ಕಟ್ಟಡವೆಂಬುದೇ ಇರಲಿಲ್ಲ. ಒಬ್ಬ ಗೃಹಸ್ಥನ ಮನೆಯ ಜಗಲಿ, ಗುಡಿಯ ಮುಖಮಂಟಪ, ಇಲ್ಲವೆ ಒಂದು ಮರದ ನೆರಳು. ಅಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವ ಒಬ್ಬ ಐಗಳು. ತಮಿಳಿನಲ್ಲಿ ಇದಕ್ಕೆ ತಿಣ್ಣೈ ಶಾಲೆಯೆಂದೂ ನಮ್ಮಲ್ಲಿ ಕೂಲಿಮಠವೆಂದೂ ಹೆಸರು. ಮಗುವಿದ್ದ ಕಡೆ ಗುರು ಇದ್ದನು; ಅದೇ ಶಾಲೆ. ಕಟ್ಟಡ, ಹಾಜರಿ ಪುಸ್ತಕ, ಗಂಟೆ, ಇನ್ಸ್‌ಪೆಕ್ಟರು, ಇವೆಲ್ಲವೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರಮಕ್ರಮವಾಗಿ ಬಂದುವು. ಅನಂತರದ ಒಂದೂವರೆ ಶತಮಾನದಲ್ಲಿ ಶಾಲೆಯೆಂದರೆ ಕಟ್ಟಡವೆಂಬ ಭಾವನೆ ಎಷ್ಟು ಬಲವಾಗಿ ನಮ್ಮಲ್ಲಿ ಬೇರೂರಿತೆಂದರೆ, ಕಟ್ಟಡದ ಬಾಗಿಲು ಹಾಕಿದೊಡನೆ ಶಿಕ್ಷಣವೇ ನಿಂತಿತೆಂದು ತಿಳಿಯುವಂತಾಯಿತು.

ಪಿಡುಗುಗಳಿಗಾಗಿ ಬಾಗಿಲು ಹಾಕುವುದು ಹೊಸತೇನೂ ಅಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಂದಿನಿಂದ ಹಲವು ದಶಕಗಳ ಕಾಲ ಹಳೆಯ ಮೈಸೂರಿನ ಜನ ಊರು ಬಿಟ್ಟು ಬಯಲಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಕಳೆದುದುಂಟು. ಆ ದಿನಗಳಲ್ಲಿ ಶಾಲೆಗಳು ಮುಚ್ಚುತ್ತಿದ್ದುವು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಕೊಂದಿತು. ಆದರೆ ಅದರ ಘೋರವಾದ ಅಲೆ ಕೆಲವು ತಿಂಗಳುಗಳಲ್ಲಿ ಹಾದುಹೋಯಿತು. ಅಲ್ಲದೆ ಅಂದು ಹಳ್ಳಿಯ ಮಕ್ಕಳಲ್ಲಿ ಶಾಲೆಗೆ ಹೋಗುತ್ತಿದ್ದವರೇ ಕೆಲವರು. ಬೀಗ ಬಿದ್ದುದರಿಂದ ಕಳೆದುಕೊಂಡವರೂ ಅಷ್ಟೇ ಮಂದಿ. 2020ರ ಹೊತ್ತಿಗೆ ಸ್ಥಿತಿ ಪೂರ್ತಿಯಾಗಿ ಬದಲಾಗಿತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಿಂದ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆ ಒಂದು ಹಕ್ಕಾಗಿತ್ತು. ಕಾಡಿನ ಅಂಚಿನ ಮಗುವೂ ಇದರಲ್ಲಿ ಸೇರಿತ್ತು. ಬೀಗದ ಬೆಲೆ ಈ ಬಾರಿ ಬಹಳ ಹೆಚ್ಚು.

2020ರ ಮಾರ್ಚ್ 14ರಿಂದ ರಾಜ್ಯದಾದ್ಯಂತ ನಿರ್ಬಂಧಗಳು ಜಾರಿಗೆ ಬಂದುವು. ಮೊದಲು ಒಂದು ವಾರವೆಂದು ಹೇಳಿದ್ದರು. ಕಿರಿಯ ತರಗತಿಗಳ ಪರೀಕ್ಷೆಗಳು ರದ್ದಾಗಿ ಮಕ್ಕಳು ಮುಂದಿನ ತರಗತಿಗೆ ತೇರ್ಗಡೆಯಾದರು. ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದೆ ಹೋಯಿತು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಚಾಮರಾಜನಗರವೊಂದೇ 2020ರ ಜೂನ್ ಎರಡನೆಯ ವಾರದವರೆಗೆ ಒಂದೂ ಸೋಂಕಿನ ಪ್ರಕರಣವಿಲ್ಲದೆ ಉಳಿಯಿತು. ಒಂದು ಕಡೆ ಕೇರಳ, ಇನ್ನೊಂದು ಕಡೆ ತಮಿಳುನಾಡು. ನಡುವೆ ಗಡಿಯ ತಪಾಸಣೆಯ ಠಾಣೆಗಳನ್ನು ಭದ್ರಪಡಿಸಿಕೊಂಡು ಜಿಲ್ಲೆ ಸುಮಾರು ಮೂರು ತಿಂಗಳು ರೋಗವನ್ನು ಹೊರಗೆ ನಿಲ್ಲಿಸಿತು. ಆದರೂ ಅಲ್ಲಿಯ ಶಾಲೆಗಳ ಬೀಗ ಬೆಂಗಳೂರಿನ ಶಾಲೆಗಳ ಬೀಗದೊಡನೆಯೇ ಬಿದ್ದಿತು. ಏಪ್ರಿಲ್ ಮೇ ತಿಂಗಳುಗಳು ಹೇಗೂ ಬೇಸಗೆಯ ರಜೆಯಾದುದರಿಂದ ಆಗ ಇದರಿಂದ ಹೆಚ್ಚಿನ ನಷ್ಟವಾಗಲಿಲ್ಲವೆಂಬುದು ನಿಜವೆ. ಆದರೆ ಇಡೀ ರಾಜ್ಯವನ್ನು ಒಂದೇ ನೆಲವೆಂದು ಭಾವಿಸುವ ಕ್ರಮ ಅಲ್ಲಿಂದಲೇ ಆರಂಭವಾಯಿತು. ಮುಂದಿನ ಕಥೆಯಲ್ಲಿ ಆ ಕ್ರಮವೇ ಮುಖ್ಯ.

ಜೂನ್ ಬಂದಿತು. ಖಾಸಗಿ ಶಾಲೆಗಳು ಪರದೆಯ ಮೂಲಕ ಪಾಠ ಹೇಳತೊಡಗಿದುವು. ಎಳೆಯ ಮಕ್ಕಳಿಗೆ ಇದು ಹಿತವಲ್ಲವೆಂದು ಸರ್ಕಾರ ಮೊದಲು ಐದನೆಯ ತರಗತಿಯವರೆಗೆ, ಅನಂತರ ಏಳನೆಯ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು, ಪ್ರೊಫೆಸರ್ ಎಂ. ಕೆ. ಶ್ರೀಧರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಜುಲೈ 8ರಂದು ಉಚ್ಚ ನ್ಯಾಯಾಲಯ ನಿಷೇಧಕ್ಕೆ ತಡೆಯಾಜ್ಞೆ ಕೊಟ್ಟಿತು. ಪತ್ರಿಕೆಗಳಲ್ಲಿ ಈ ಕುರಿತು ಬಹಳ ಚರ್ಚೆ ನಡೆಯಿತು. ಗೋಪಿನಾಥಂ ಸೀಮೆಗೆ ಈ ಚರ್ಚೆ ಸಂಬಂಧಪಟ್ಟುದೇ ಅಲ್ಲ. ಮಲೆಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಲ್ಲಿ ದೂರವಾಣಿಯ ಸಂಕೇತ ಸಿಕ್ಕಬೇಕಾದರೆ ಗುಡ್ಡ ಹತ್ತಬೇಕು. ಕೆಲವು ಹಳ್ಳಿಗಳಿಗೆ ವಿದ್ಯುತ್ತು ಮತ್ತು ದಾರಿಯೇ ಸರಿಯಾಗಿ ಮುಟ್ಟಿರಲಿಲ್ಲ. ಪರದೆ ಮಗುವಿನ ಕಣ್ಣಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಪರದೆ ಇರುವಲ್ಲಿ ಮಾತ್ರ ಹುಟ್ಟುತ್ತದೆ. ಆ ದಿನಗಳಲ್ಲಿ ಈ ಲೇಖಕನೂ ಕಾಲೇಜಿನ ಪಾಠವನ್ನು ಕೈಫೋನಿನೆದುರು ಕುಳಿತು ಹೇಳಿದವನೇ. ತರಗತಿಯ ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಪರದೆಯ ಮೇಲೆ ಮೂಡದೆ ಉಳಿದುವು ಯಾವುವೆಂದು ನೋಡಿದರೆ ಊರುಗಳ ನಕ್ಷೆಯನ್ನೇ ಬರೆಯಬಹುದಾಗಿತ್ತು.

ಇಲಾಖೆಯು ಜುಲೈ ತಿಂಗಳಿನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಪಾಠಮಾಲೆಯನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ಆರಂಭಿಸಿತು. ಒಳ್ಳೆಯ ಪ್ರಯತ್ನವೇ ಸರಿ. ಆದರೆ ಮನೆಯಲ್ಲಿ ತಮಿಳನ್ನೋ ಸೋಲಿಗನುಡಿಯನ್ನೋ ಆಡುವ ಮಗುವಿಗೆ ಪೆಟ್ಟಿಗೆಯೊಳಗಿನ ಗ್ರಾಂಥಿಕ ಕನ್ನಡ ಎಷ್ಟು ಮುಟ್ಟೀತು? ತರಗತಿಯಲ್ಲಾದರೆ ಉಪಾಧ್ಯಾಯನು ಮಗುವಿನ ಮುಖವನ್ನು ನೋಡಿ, ಅರ್ಥವಾಗದ ಮಾತನ್ನು ಅಲ್ಲಿಯ ಆಡುನುಡಿಗೆ ತಿರುಗಿಸಿ ಹೇಳುತ್ತಾನೆ. ಗಡಿಯ ಶಾಲೆಗಳಲ್ಲಿ ಕೆಲಸ ಮಾಡಿದವರೆಲ್ಲರಿಗೂ ಈ ಅಭ್ಯಾಸ ಗೊತ್ತು. ಇಂತಹ ಊರುಗಳಲ್ಲಿ ಮಗು ಕನ್ನಡವನ್ನು ಕೇಳುವ, ಆಡುವ ಮುಖ್ಯ ಸ್ಥಳವೇ ಶಾಲೆ. ಆದುದರಿಂದ ಬಾಗಿಲು ಮುಚ್ಚಿದಾಗ ಇಲ್ಲಿ ಪಾಠವಷ್ಟೇ ಅಲ್ಲದೆ ಪಾಠದ ಭಾಷೆಯೂ ಹೋಯಿತು. ಮೈಸೂರಿನ ಮಗು ಗಣಿತವನ್ನು ಮರೆತಿರಬಹುದು. ಕನ್ನಡವನ್ನು ಮರೆಯುವ ಪ್ರಸಂಗ ಅದಕ್ಕೆ ಬರಲಿಲ್ಲ.

ಈ ಹಿನ್ನೆಲೆಯಲ್ಲಿ 2020ರ ಆಗಸ್ಟಿನಲ್ಲಿ ಜಾರಿಗೆ ಬಂದ ‘ವಿದ್ಯಾಗಮ’ ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಗಮನಾರ್ಹವಾದ ಘಟನೆ. ಹೆಸರೇ ಅರ್ಥವತ್ತಾದುದು: ಮಗು ವಿದ್ಯೆಯ ಬಳಿಗೆ ಹೋಗುವುದರ ಬದಲು ವಿದ್ಯೆಯೇ ಮಗುವಿನ ಬಳಿಗೆ ಬರುವುದು. ಯೋಜನೆಯ ಸ್ವರೂಪ ಹೀಗಿತ್ತು. ಶಾಲೆಯ ಮಕ್ಕಳನ್ನು ಅವರವರ ವಾಸಸ್ಥಳಕ್ಕೆ ಅನುಸಾರವಾಗಿ ಇಪ್ಪತ್ತು ಇಪ್ಪತ್ತೈದು ಮಂದಿಯ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಬ್ಬ ಮಾರ್ಗದರ್ಶಿ ಉಪಾಧ್ಯಾಯನನ್ನು ಗೊತ್ತುಮಾಡುವುದು. ಮಕ್ಕಳ ಮನೆಯಲ್ಲಿರುವ ಉಪಕರಣಗಳನ್ನು ನೋಡಿ ಮೂರು ಕಾಲ್ಪನಿಕ ಕೊಠಡಿಗಳನ್ನು ಏರ್ಪಡಿಸುವುದು: ಕಂಪ್ಯೂಟರು ಅಥವಾ ಸ್ಮಾರ್ಟ್‌ಫೋನು ಇರುವವರದು ಒಂದು, ಸಾಧಾರಣ ಫೋನು ಮಾತ್ರ ಇರುವವರದು ಮತ್ತೊಂದು, ಯಾವುದೂ ಇಲ್ಲದವರದು ಮೂರನೆಯದು. ಈ ಮೂರನೆಯ ಕೊಠಡಿಯವರನ್ನು ಉಪಾಧ್ಯಾಯನು ಅವರಿದ್ದಲ್ಲಿಗೇ ಹೋಗಿ ಕಾಣಬೇಕು. ಗುಡಿಯ ಪ್ರಾಂಗಣ, ಸಮುದಾಯ ಭವನ, ಅರಳಿಯ ಕಟ್ಟೆ, ಮನೆಯ ಜಗಲಿ, ಗಾಳಿ ಬೆಳಕಿರುವ ಯಾವ ಸ್ಥಳವಾದರೂ ಆದೀತು. ಜನ ಇದನ್ನು ವಠಾರ ಶಾಲೆಯೆಂದು ಕರೆದರು. ಮಧ್ಯಾಹ್ನದ ಬಿಸಿಯೂಟ ನಿಂತುಹೋಗಿದ್ದುದರಿಂದ ಅದಕ್ಕೆ ಬದಲಾಗಿ ಆಹಾರಧಾನ್ಯವನ್ನು ಮನೆಗಳಿಗೆ ಹಂಚುವ ಏರ್ಪಾಡೂ ನಡೆಯಿತು.

ಸುತ್ತೋಲೆಯಲ್ಲಿ ಆ ಕೊಠಡಿಯದು ಕೊನೆಯ ಸ್ಥಾನ. ಉಳಿದವರಿಗೆ ಉಳಿದದ್ದು ಎಂಬಂತೆ. ಆದರೆ ಹನೂರಿನ ವಲಯದಂತಹ ನೆಲದಲ್ಲಿ ಅದೇ ಮೊದಲನೆಯ ಕೊಠಡಿ. ಬಹುಮಟ್ಟಿಗೆ ಅದೊಂದೇ ಕೊಠಡಿ. 1822ರಲ್ಲಿ ಮನ್ರೋ ಲೆಕ್ಕ ಹಾಕಿಸಿದ ಶಾಲೆಗೂ 2020ರಲ್ಲಿ ಇಲಾಖೆಯು ತಂತ್ರಜ್ಞಾನವಿಲ್ಲದವರಿಗೆಂದು ಏರ್ಪಡಿಸಿದ ಶಾಲೆಗೂ ರೂಪದಲ್ಲಿ ವ್ಯತ್ಯಾಸವೇ ಇಲ್ಲ. ಇಲಾಖೆ ತಿಳಿದೋ ತಿಳಿಯದೆಯೋ ಈ ಸೀಮೆಯ ಅತ್ಯಂತ ಹಳೆಯ ಶಾಲೆಯನ್ನು ಮತ್ತೆ ತೆರೆದಿತ್ತು. ಆದರೆ ಈ ಸಾದೃಶ್ಯದಿಂದ ಹಿಗ್ಗಬೇಕಾಗಿಲ್ಲ. ಹಳೆಯ ಜಗಲಿಯ ಶಾಲೆಯಲ್ಲಿ ಹೆಣ್ಣುಮಕ್ಕಳು ಅಪರೂಪ. ಕೆಳಜಾತಿಯೆನಿಸಿಕೊಂಡವರಿಗೆ ಆ ಜಗಲಿಯನ್ನು ಹತ್ತುವ ಅಧಿಕಾರವೇ ಇರಲಿಲ್ಲ. ಸರ್ಕಾರದ ಕಟ್ಟಡ ಬಂದುದರಿಂದ ಆದ ದೊಡ್ಡ ಉಪಕಾರವೆಂದರೆ ಅದು ಯಾರ ಮನೆಯೂ ಅಲ್ಲವೆಂಬುದು. ಪಾಠ ಮತ್ತೆ ಗುಡಿಗೂ ಜಗಲಿಗೂ ಹೋದಾಗ ‘ಯಾರ ಜಗಲಿ, ಯಾರ ಗುಡಿ’ ಎಂಬ ಪ್ರಶ್ನೆಯೂ ಅದರ ಬೆನ್ನಹಿಂದೆಯೇ ಹೋಗುತ್ತದೆ. ಇದನ್ನು ಮರೆತು ವಠಾರ ಶಾಲೆಯನ್ನು ಹೊಗಳುವುದು ಚರಿತ್ರೆಗೆ ಅಪಚಾರ. ಇನ್ನೊಂದು ವಿಷಯ: ಹಳೆಯ ಐಗಳು ಊರಿನಲ್ಲಿಯೇ ವಾಸವಾಗಿದ್ದವನು. 2020ರ ಉಪಾಧ್ಯಾಯನು ಬಹುಸಂದರ್ಭಗಳಲ್ಲಿ ಪೇಟೆಯಿಂದ ಬಸ್ಸಿನಲ್ಲಿ ಬರುವವನು. ಊರಿಂದೂರಿಗೆ ತಿರುಗುವ ಗುರು ವಿದ್ಯೆಯೊಡನೆ ಸೋಂಕನ್ನೂ ಹೊತ್ತು ತರಬಹುದೆಂಬ ಭಯ ನಿರಾಧಾರವಾದುದಲ್ಲ.

ಈ ಭಯ ನಿಜವಾಗಲು ಬಹಳ ಕಾಲ ಬೇಕಾಗಲಿಲ್ಲ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ರಾಜ್ಯದಲ್ಲಿ ಸೋಂಕು ಬಹಳವಾಗಿ ಏರಿತು. ಉಪಾಧ್ಯಾಯರು ಕಾಯಿಲೆ ಬಿದ್ದರು, ಕೆಲವರು ಮಡಿದರು. ಉತ್ತರದ ಜಿಲ್ಲೆಗಳಿಂದ ವಠಾರ ಶಾಲೆಯ ಮಕ್ಕಳಿಗೂ ಸೋಂಕು ತಗುಲಿತೆಂಬ ವರದಿಗಳು ಬಂದುವು. ಅಕ್ಟೋಬರ್ 10ರಂದು ವಿದ್ಯಾಮಂತ್ರಿ ಎಸ್. ಸುರೇಶ್ ಕುಮಾರ್ ಅವರು ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಮರುದಿನವೇ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಅಕ್ಟೋಬರ್ 12ರಿಂದ 30ರವರೆಗೆ ರಜೆಯನ್ನು ಸಾರಿದರು. ಹೀಗೆ ವಿದ್ಯಾಗಮದ ಮೊದಲ ಘಟ್ಟ ಎರಡೇ ತಿಂಗಳು ಬದುಕಿತು.

ಈ ನಿರ್ಧಾರವನ್ನು ಹೇಗೆ ತೂಗಿನೋಡುವುದು? ಸತ್ತ ಉಪಾಧ್ಯಾಯರ ಮನೆಯವರೆದುರು ನಿಂತು ಅದು ತಪ್ಪೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ, ಹೇಳಲೂ ಬಾರದು. ಆದರೆ ನಿಲ್ಲಿಸಿದ ರೀತಿಯನ್ನು ಪರೀಕ್ಷಿಸಬಹುದು. ಒಂದೇ ಆಜ್ಞೆ ಇಡೀ ರಾಜ್ಯಕ್ಕೆ ಅನ್ವಯವಾಯಿತು. ಕಲಬುರಗಿಯ ಒಂದು ವಠಾರದಲ್ಲಿ ಮೂಡಿದ ಅಪಾಯಕ್ಕೆ ಮಲೆಯ ಪೋಡಿನ ಮರದಡಿಯ ಪಾಠವೂ ನಿಂತಿತು. ಊರುಗಳಲ್ಲಿ ಪರದೆಯ ಪಾಠ ಮುಂದುವರಿಯಿತು. ಮೊದಲನೆಯ ಎರಡು ಕೊಠಡಿಗಳು ಕಾಲ್ಪನಿಕವಾಗಿಯಾದರೂ ಉಳಿದುವು. ನಿಜವಾದ ಮೂರನೆಯ ಕೊಠಡಿ ಮಾತ್ರ ಮುಚ್ಚಿತು. ಆಶ್ರಮಶಾಲೆಗಳೂ ವಿದ್ಯಾರ್ಥಿನಿಲಯಗಳೂ ಮುಚ್ಚಿ, ಮನೆಗೆ ಮರಳಿದ ಸೋಲಿಗರ ಮಕ್ಕಳಿಗೆ ಬೇರೆ ದಾರಿ ಇರಲಿಲ್ಲ. ಕೂಲಿಗಾಗಿ ಕೊಡಗಿನ ತೋಟಗಳಿಗೋ ತಮಿಳುನಾಡಿನ ಕಾರ್ಖಾನೆಗಳಿಗೋ ತಂದೆತಾಯಿ ಹೊರಡುವ ಸೀಮೆ ಇದು. ಶಾಲೆಯಿಲ್ಲದ ಮಗು ಜೊತೆಗೆ ಹೊರಟರೆ ತಡೆಯುವವರಾರು? ಜಿಲ್ಲೆಗೆ ಅಥವಾ ವಲಯಕ್ಕೆ ನಿರ್ಧಾರದ ಅಧಿಕಾರವನ್ನು ಬಿಟ್ಟುಕೊಡುವ ಒಂದು ಮಧ್ಯಮಾರ್ಗ ಸಾಧ್ಯವಿತ್ತೆಂದು ನನ್ನ ಅಭಿಪ್ರಾಯ. ಮೂರು ತಿಂಗಳು ಗಡಿಯನ್ನು ಕಾಯ್ದ ಜಿಲ್ಲೆಗೆ ಮರದಡಿಯ ಇಪ್ಪತ್ತು ಮಕ್ಕಳನ್ನು ಕಾಯಲು ತಿಳಿಯುತ್ತಿರಲಿಲ್ಲವೆ?

ಗಡಿಯ ವಿಚಾರ ಬಂದುದರಿಂದ ಪರೀಕ್ಷೆಯ ಮಾತನ್ನೂ ಇಲ್ಲಿಯೇ ಹೇಳಬಹುದು. ತಮಿಳುನಾಡು 2020ರ ಜೂನ್ 9ರಂದು ಹತ್ತನೆಯ ತರಗತಿಯ ಪರೀಕ್ಷೆಯನ್ನು ರದ್ದುಗೊಳಿಸಿ ಎಲ್ಲರನ್ನೂ ತೇರ್ಗಡೆ ಮಾಡಿತು. ಕರ್ನಾಟಕ ಜೂನ್ 25ರಿಂದ ಪರೀಕ್ಷೆಯನ್ನು ನಡೆಸಿಯೇ ನಡೆಸಿತು. ಸುಮಾರು ಎಂಟೂವರೆ ಲಕ್ಷ ವಿದ್ಯಾರ್ಥಿಗಳು, ಮುಖಗವಸು, ಬಾಗಿಲಲ್ಲಿ ಜ್ವರದ ತಪಾಸಣೆ, ಉಚಿತ ಬಸ್ಸು; ಆಗಸ್ಟ್ 10ರಂದು ಫಲಿತಾಂಶ, ಶೇಕಡಾ 71.80. ಹೀಗೆ ಕಾವೇರಿಯ ಒಂದು ದಡದ ಹುಡುಗ ಪರೀಕ್ಷೆಯಿಲ್ಲದೆ ತೇರ್ಗಡೆಯಾದನು; ಅದೇ ಮನೆಮಾತಿನ, ಒಂದೇ ನೀರು ಕುಡಿಯುವ ಈ ದಡದ ಹುಡುಗ ಮುಖಗವಸು ತೊಟ್ಟು ಕನ್ನಡದಲ್ಲಿ ಉತ್ತರ ಬರೆದನು. ಪರೀಕ್ಷೆಯನ್ನು ನಡೆಸಿದುದು ಸಮರ್ಥವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತನೆಯ ತರಗತಿಗೆ ತೋರಿದ ಈ ಹಟದ ಅರ್ಧಪಾಲನ್ನು ಒಂದನೆಯ ತರಗತಿಗೆ ತೋರಿಸಲಿಲ್ಲ. ನಮ್ಮ ವಿದ್ಯಾ ಇಲಾಖೆಗೆ ಪರೀಕ್ಷೆಯ ಮೇಲಿರುವ ಶ್ರದ್ಧೆ ಹಳೆಯದು.

2021ರ ಜನವರಿ 1ರಂದು ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳು ತೆರೆದುವು. ವಿದ್ಯಾಗಮ ಪರಿಷ್ಕೃತ ರೂಪದಲ್ಲಿ ಮತ್ತೆ ಬಂದಿತು. ಆದರೆ ಅದು ಆರರಿಂದ ಒಂಬತ್ತನೆಯ ತರಗತಿಯವರಿಗೆ, ಅದೂ ಶಾಲೆಯ ಆವರಣದೊಳಗೆ. ಜಗಲಿಯ ಪ್ರಯೋಗ ಅಲ್ಲಿಗೆ ಮುಗಿಯಿತು. ಫೆಬ್ರವರಿಯಲ್ಲಿ ಮೇಲಿನ ತರಗತಿಗಳು ನಡೆಯತೊಡಗಿದುವು. ಏಪ್ರಿಲಿನಲ್ಲಿ ಎರಡನೆಯ ಅಲೆ ಎದ್ದು ಮತ್ತೆ ಮುಚ್ಚಿದುವು. ಆ ಅಲೆ ಚಾಮರಾಜನಗರವನ್ನೂ ಬಿಡಲಿಲ್ಲ. ಮೇ 2ರ ರಾತ್ರಿಯಿಂದ 3ರವರೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ರೋಗಿಗಳು ತೀರಿಕೊಂಡರು. ಒಂದು ವರ್ಷದ ಹಿಂದೆ ರೋಗವೇ ಇಲ್ಲದ ಜಿಲ್ಲೆಯೆಂದು ಹೆಸರಾಗಿದ್ದುದು ಇಡೀ ದೇಶದ ಬಾಯಲ್ಲಿ ಹೀಗೆ ಬಂದಿತು. ಆ ತಿಂಗಳುಗಳಲ್ಲಿ ಶಾಲೆಯ ಮಾತನ್ನು ಎತ್ತುವ ಮನಸ್ಸು ಯಾರಿಗೂ ಇರಲಿಲ್ಲವೆಂಬುದನ್ನು ಒಪ್ಪಲೇಬೇಕು. ಜುಲೈ 19 ಮತ್ತು 22ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆ ಎರಡೇ ದಿನಗಳಲ್ಲಿ, ಉತ್ತರವನ್ನು ಆರಿಸುವ ಬಗೆಯ ಪ್ರಶ್ನೆಗಳೊಡನೆ ಮುಗಿಯಿತು. ಆಗಸ್ಟ್ 23ರಂದು ಒಂಬತ್ತು ಹತ್ತನೆಯ ತರಗತಿಗಳು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಎಲ್ಲಕ್ಕೂ ಕೊನೆಯಲ್ಲಿ ಅಕ್ಟೋಬರ್ 25ರಂದು ಒಂದರಿಂದ ಐದು. ಕಿರಿಯ ಮಕ್ಕಳ ತರಗತಿಗಳು ಹತ್ತೊಂಬತ್ತು ತಿಂಗಳು ಮುಚ್ಚಿದ್ದುವು. ಅದರ ನಡುವೆ ಅವರ ಪಾಲಿಗೆ ಬಂದುದು ಜಗಲಿಯ ಆ ಎರಡು ತಿಂಗಳು ಮಾತ್ರ.

ನಷ್ಟದ ಪ್ರಮಾಣವೆಷ್ಟು? ಅಜೀಂ ಪ್ರೇಮ್‌ಜೀ ವಿಶ್ವವಿದ್ಯಾನಿಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇಕಡಾ 92 ಮಕ್ಕಳು ಹಿಂದೆ ಬಲ್ಲವರಾಗಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ಇದು ಶೇಕಡಾ 82. ಹೊಸತನ್ನು ಕಲಿಯದಿರುವುದು ಒಂದು. ಕಲಿತುದು ಅಳಿಸಿಹೋಗುವುದು ಮತ್ತೊಂದು. ಭಾಷೆಯ ನಷ್ಟ ಗಣಿತದ ನಷ್ಟಕ್ಕಿಂತ ಹೆಚ್ಚೆಂಬುದು ಗಡಿಯ ಓದುಗನಿಗೆ ವಿಶೇಷವಾಗಿ ಚಿಂತಿಸತಕ್ಕ ಅಂಶ.

ಇದೇ ಹೊತ್ತಿಗೆ ನದಿಯ ಆಚೆ ಒಂದು ಸಂಗತಿ ನಡೆಯಿತು. ಕರ್ನಾಟಕದ ಕಿರಿಯ ಶಾಲೆಗಳು ತೆರೆದ ಎರಡು ದಿನಗಳ ಮೇಲೆ, 2021ರ ಅಕ್ಟೋಬರ್ 27ರಂದು, ತಮಿಳುನಾಡು ‘ಇಲ್ಲಂ ತೇಡಿ ಕಲ್ವಿ’ ಎಂಬ ಯೋಜನೆಯನ್ನು ಆರಂಭಿಸಿತು. ಮನೆಯನ್ನರಸಿ ಬರುವ ವಿದ್ಯೆ ಎಂದು ಅದರ ಅರ್ಥ. ‘ವಿದ್ಯಾಗಮ’ಕ್ಕೆ ಅದು ತಮಿಳು ಅನುವಾದವೆಂದರೂ ನಡೆದೀತು. ಆದರೆ ಅಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬರಂತೆ ಗೊತ್ತಾದ ಸ್ವಯಂಸೇವಕರು ಆಯಾ ಊರಿನವರೇ; ಬಹುಮಂದಿ ಹೆಂಗಸರು. ಪಾಠ ನಡೆಯುವುದು ಸಂಜೆಯಲ್ಲಿ, ಶಾಲೆ ತೆರೆದ ಮೇಲೆಯೂ. ಹಳೆಯ ಐಗಳಂತೆ ಊರಿನಲ್ಲಿಯೇ ವಾಸವಾಗಿರುವ ಗುರುವನ್ನು ಅವರು ಹುಡುಕಿಕೊಂಡರು. ಸ್ವಯಂಸೇವಕರು ತರಬೇತಿ ಪಡೆದ ಉಪಾಧ್ಯಾಯರಿಗೆ ಸಮಾನರಲ್ಲವೆಂಬ ಆಕ್ಷೇಪಣೆಗೆ ಬೆಲೆಯಿದೆ. ಆದರೂ ಕರ್ನಾಟಕವು ಪಿಡುಗಿನ ನಡುವೆ ಧೈರ್ಯಮಾಡಿ ಮೊದಲು ಕಂಡುಕೊಂಡ ಉಪಾಯವನ್ನು ಅಕ್ಟೋಬರಿನಲ್ಲಿ ಕೈಬಿಟ್ಟಿತು; ನೆರೆಯ ರಾಜ್ಯ ಅದನ್ನೇ ಒಂದು ವರ್ಷದ ಅನಂತರ ನಿಧಾನವಾಗಿ ಎತ್ತಿಕೊಂಡಿತು.

ನಮ್ಮ ಇಲಾಖೆಯ ಉತ್ತರ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮ. ಅದಕ್ಕಾಗಿ 2022–23ನೆಯ ವರ್ಷದ ಶಾಲೆಗಳನ್ನು ವಾಡಿಕೆಗಿಂತ ಸುಮಾರು ಎರಡು ವಾರ ಮೊದಲು, ಮೇ 16ರಂದೇ ತೆರೆಯಲಾಯಿತು. 2020ರ ಜೂನಿನಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ್ದ ಮಗು ಆ ದಿನ ಮೂರನೆಯ ತರಗತಿಯ ಬೆಂಚಿನ ಮೇಲೆ ಕುಳಿತಿತು. ಅದು ಅದುವರೆಗೆ ಶಾಲೆಯ ಕಟ್ಟಡದೊಳಗೆ ಕಳೆದಿದ್ದುದು ಒಟ್ಟು ಆರು ತಿಂಗಳಿಗಿಂತಲೂ ಕಡಮೆ.